ಖಾನಾವಳಿ ಬಾಗಿಲು ಹಾಕಿತ್ತು, ನಾನು ಒಲೆ ಹಚ್ಚಿದೆ. ಮುಂದೇನು? ಅನುಭವ ಇದ್ದವರು ಹೇಳಿ

ಕೇಳಿದ್ದು: ವಿದ್ಯಾನಗರ ರೂಮಿನವ

ನನಗೆ 24. ಊರು ರೋಣದ ಹತ್ತಿರ. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಎರಡು ವರ್ಷವೂ ಖಾನಾವಳಿ ಊಟ. ದೀಪಾವಳಿ ಮುಗಿದ ಮೇಲೆ ಖಾನಾವಳಿಯವರು ಮಗಳ ಮದುವೆ ಅಂತ ಎಂಟು ದಿನ ಬಾಗಿಲು ಹಾಕಿದರು. ಮೊದಲ ಎರಡು ದಿನ ಗಿರ್ಮಿಟ್, ಮಿರ್ಚಿಯಲ್ಲೇ ಕಳೆದೆ. ಮೂರನೇ ದಿನ ಹೊಟ್ಟೆ ಬೇಡ ಅಂತು. ಹಿಂದಿನ ರೂಮ್‌ಮೇಟ್ ಬಿಟ್ಟುಹೋದ ಇಂಡಕ್ಷನ್ ಒಲೆ ಮಂಚದ ಕೆಳಗಿತ್ತು. ತೆಗೆದು ಧೂಳು ಒರೆಸಿ, ಅವ್ವನಿಗೆ ಫೋನ್ ಹಚ್ಚಿ ಹೆಸರುಬೇಳೆ ಕಿಚಡಿ ಮಾಡಿದೆ. ತಳ ಹಿಡಿಯಿತು. ಆದರೂ ಬೋಗಾಣಿ ಕೆರೆದು ಕೆರೆದು ತಿಂದೆ.

ಈಗ ನಾಲ್ಕು ತಿಂಗಳು. ಖಾನಾವಳಿ ಯಾವಾಗಲೋ ತೆರೆದಿದೆ, ನಾನೇ ಹೋಗುತ್ತಿಲ್ಲ. ಆಫೀಸಿನಲ್ಲಿ ನಾಲ್ಕು ಗಂಟೆ ಆಯಿತು ಅಂದರೆ ಸಂಜೆ ಏನು ಮಾಡಲಿ ಅನ್ನೋದೇ ತಲೆಯಲ್ಲಿ. ಜನತಾ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತ ಅರ್ಧ ತಾಸು ನಿಂತುಬಿಡುತ್ತೇನೆ. ಇಷ್ಟು ದಿನ ಯಾವುದರ ಮೇಲೂ ಇಷ್ಟು ಮನಸ್ಸು ಬಂದಿರಲಿಲ್ಲ.

ಆದರೆ ಬರೋದು ನಾಲ್ಕೇ: ಕಿಚಡಿ, ಅವಲಕ್ಕಿ, ಬೇಳೆ ಸಾರು, ಆಲೂಗಡ್ಡೆ ಪಲ್ಯ. ಯೂಟ್ಯೂಬ್ ನೋಡಿ ಮಾಡಿದ್ದು ಇವತ್ತು ಚೆನ್ನಾಗಿ ಬಂದರೆ ನಾಳೆ ಕೆಡುತ್ತದೆ. ರೊಟ್ಟಿಯ ವಿಷಯ ಕೇಳಲೇಬೇಡಿ. ಕರ್ನಾಟಕದ ನಕ್ಷೆ ಹಾಗೆ ಬಂದಿದ್ದರೂ ಸಮಾಧಾನ ಇರುತ್ತಿತ್ತು, ನನ್ನದು ಜಿಲ್ಲೆ ಜಿಲ್ಲೆಯಾಗಿ ಒಡೆಯುತ್ತದೆ. ಅವ್ವ ಬೇರೆ "ನಿನಗ್ಯಾಕೋ ಅದು, ಸುಮ್ನ ಊಟದ ಡಬ್ಬಿ ಹಚ್ಚಿಸ್ಕೋ" ಅಂತಾಳೆ. ದೊಡ್ಡವರಾದ ಮೇಲೆ ಅಡುಗೆ ಕಲಿತವರು ಯಾರಾದರೂ ಇದ್ದೀರಾ? ನಾಲ್ಕರಿಂದ ಮುಂದೆ ಹೇಗೆ ಹೋದಿರಿ?

ಕೇಶ್ವಾಪುರದ ಅಕ್ಕ

ತಮ್ಮಾ, ನಾನು 26 ವರ್ಷದವರೆಗೆ ಚಹಾ ಬಿಟ್ಟು ಏನೂ ಮಾಡಿದವಳಲ್ಲ. ಮನೆಯಲ್ಲಿ ಅವ್ವ, ದೊಡ್ಡವ್ವ ಇಬ್ಬರೂ ಇದ್ದರು. "ನೀ ಓದು" ಅಂದರು, ಓದಿದೆ. ಆಮೇಲೆ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದಾಗ ಗೊತ್ತಾಯಿತು, ಎಂಎಸ್ಸಿ ಮಾಡಿದವಳಿಗೆ ಒಗ್ಗರಣೆ ಹಾಕೋಕೆ ಬರುವುದಿಲ್ಲ ಅಂತ.

ನೀನು ನಾಲ್ಕರಿಂದ ನಲವತ್ತಕ್ಕೆ ಹೋಗೋ ಯೋಚನೆಯಲ್ಲಿದ್ದೀಯಾ. ಅದೇ ತಪ್ಪು ಅನಿಸುತ್ತದೆ ನನಗೆ. ನಾನು ಒಂದನ್ನೇ ಹಿಡಿದೆ. ಝುಣಕ. ಹತ್ತು ದಿನ ರಾತ್ರಿ ಅದನ್ನೇ ಮಾಡಿದೆ. ಯಾಕೆ ಅದೇ ಅಂದರೆ, ಕಡಲೆಹಿಟ್ಟು ಅಗ್ಗ, ಹದಿನೈದು ನಿಮಿಷದ ಕೆಲಸ, ಕೆಟ್ಟರೂ ಅಳು ಬರುವುದಿಲ್ಲ. ಆದರೆ ಅದರಲ್ಲಿ ಕಲಿಯೋದು ಎಲ್ಲ ಇದೆ. ಎಣ್ಣೆ ಎಷ್ಟು ಕಾದರೆ ಸಾಸಿವೆ ಸಿಡಿಯುತ್ತದೆ, ಬಳ್ಳೊಳ್ಳಿ ಯಾವಾಗ ಕೆಂಪಾಗುತ್ತದೆ, ಯಾವಾಗ ಕರಕಾಗಿ ಕಹಿಯಾಗುತ್ತದೆ, ಉಳ್ಳಾಗಡ್ಡಿ ಮೆತ್ತಗಾದದ್ದು ಹೇಗೆ ಗೊತ್ತಾಗುತ್ತದೆ, ಉಪ್ಪು ಎಷ್ಟು. ಮೊದಲ ದಿನ ಕುದಿಯೋ ನೀರಿಗೆ ಹಿಟ್ಟು ಒಮ್ಮೆಲೇ ಸುರಿದೆ. ಗಂಟು ಗಂಟು, ಒಳಗೆ ಹಸಿ ಹಿಟ್ಟು. ಎರಡನೇ ದಿನ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಕಿದೆ, ಗಂಟಾಗಲಿಲ್ಲ. ಒಂದು ಬಟ್ಟಲು ಹಿಟ್ಟಿಗೆ ಎರಡು ಬಟ್ಟಲು ನೀರು ಅಂತ ನನ್ನ ಲೆಕ್ಕ ಕೂತಿದ್ದು ಐದನೇ ದಿನ. ಏಳನೇ ದಿನ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟೆ, ಹಸಿ ವಾಸನೆ ಹೋಯಿತು. ಒಂದು ದಿನಕ್ಕೆ ಒಂದನ್ನೇ ಬದಲಿಸು. ಎರಡು ಬದಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಯೂಟ್ಯೂಬಿನ ತಪ್ಪೇನಿಲ್ಲ. ಅವರ ಒಲೆ ಬೇರೆ, ಬೋಗಾಣಿ ಬೇರೆ, ಖಾರದಪುಡಿ ಬೇರೆ. ಅವರ "ಎರಡು ನಿಮಿಷ" ನಿನ್ನ ಇಂಡಕ್ಷನ್‌ಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ಅವ್ವನಿಗೆ ಫೋನಿನಲ್ಲಿ "ಎಷ್ಟು ಹಾಕಲಿ" ಅಂತ ಕೇಳಬೇಡ. "ಕೈಯಾಗ ಬಂದಷ್ಟು" ಅಂತಾಳೆ, ಎಲ್ಲ ಅವ್ವಂದಿರೂ ಅದನ್ನೇ ಅನ್ನೋದು. ಊರಿಗೆ ಹೋದಾಗ ಅವಳು ಅಡುಗೆ ಮಾಡುವಾಗ ಪಕ್ಕದಲ್ಲಿ ನಿಲ್ಲು. ಅವಳ ಕೈ ಕೆಳಗೆ ಬಟ್ಟಲು ಹಿಡಿ. ಉಪ್ಪು ಅದರಲ್ಲಿ ಬೀಳಲಿ, ಚಮಚದಲ್ಲಿ ಅಳೆದು ಬರೆದುಕೋ, ಆಮೇಲೆ ಸಾರಿಗೆ ಹಾಕು. ನಮ್ಮವ್ವ ಮೊದಲ ದಿನ "ಏನ ಹುಚ್ಚ ಹಿಡದೈತಿ ನಿನಗ" ಅಂದಳು. ಮೂರನೇ ದಿನ ತಾನೇ ಬಟ್ಟಲು ಕೇಳಿದಳು. ನನ್ನ ಹತ್ತಿರ ಈಗಲೂ ಆ ನೋಟ್‌ಬುಕ್ ಇದೆ. ಅರಿಶಿನದ ಕಲೆಯಲ್ಲಿ ಅರ್ಧ ಅಕ್ಷರ ಕಾಣುವುದಿಲ್ಲ, ಆ ಮಾತು ಬೇರೆ.

ಬ್ಯಾಡಗಿ ಕಡೆಯವ

ಖಾರದಪುಡಿ ಬೇರೆ ಅಂದರಲ್ಲ ಅಕ್ಕ, ಅದರ ಮೇಲೆ ನಂದೊಂದು.

ಬೆಂಗಳೂರಿನಲ್ಲಿ ಮೊದಲ ಸಲ ಎಣಗಾಯಿ ಮಾಡಿದೆ. ಮನೆಯಲ್ಲಿ ಅವ್ವ ಮೂರು ಚಮಚ ಖಾರ ಹಾಕುತ್ತಿದ್ದದ್ದು ನೋಡಿದ್ದೆ. ನಾನೂ ಅಷ್ಟೇ ಹಾಕಿದೆ. ನಾಲ್ಕು ಜನ ಗೆಳೆಯರನ್ನು ಊಟಕ್ಕೆ ಬೇರೆ ಕರೆದಿದ್ದೆ. ಒಬ್ಬ ಎರಡನೇ ತುತ್ತಿಗೆ ಎದ್ದು ನಲ್ಲಿ ಕೆಳಗೆ ಬಾಯಿ ಇಟ್ಟ. ಅಂಗಡಿಯವನು ಕೊಟ್ಟಿದ್ದು ಗುಂಟೂರು ಪುಡಿ. ನಮ್ಮ ಮನೆಯದು ಬ್ಯಾಡಗಿ. ಬಣ್ಣ ನೋಡಿದರೆ ಹೆದರಬೇಕು, ಆದರೆ ಖಾರ ಸೌಮ್ಯ. ಅದಕ್ಕೇ ಮೂರು ಚಮಚ ಹಾಕಿದರೂ ನಡೆಯುತ್ತದೆ. ಗುಂಟೂರು ಅದರ ತದ್ವಿರುದ್ಧ.

ನಮ್ಮೂರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ಆದರೆ ನಮ್ಮ ಮಾರುಕಟ್ಟೆಗೆ ಬೇರೆ ಕಡೆಯ ಕಾಯಿಯೂ ಬರುತ್ತದೆ, ಹಾಗಾಗಿ ಹೆಸರು ಕೇಳಿ ತಗೊಂಡರೆ ಆಗಲಿಲ್ಲ, ಕಾಯಿ ನೋಡಬೇಕು. ಬ್ಯಾಡಗಿ ಸಿಪ್ಪೆ ಸುಕ್ಕು ಸುಕ್ಕಾಗಿರುತ್ತದೆ. ಅದರಲ್ಲಿ ಎರಡು ಬಗೆ: ಡಬ್ಬಿ ಅನ್ನೋದು ಗಿಡ್ಡ, ದಪ್ಪ. ಕಡ್ಡಿ ಅನ್ನೋದು ಉದ್ದ, ತೆಳ್ಳಗೆ. ನಾನು ಪುಡಿ ಕೊಳ್ಳೋದೇ ಬಿಟ್ಟೆ. ಕಾಯಿ ತಂದು, ಬಿಸಿಲಿಗೆ ಇಟ್ಟು, ತೊಟ್ಟು ಮುರಿದು ಖಾರ ಕುಟ್ಟುವ ಗಿರಣಿಗೆ ಕೊಡುತ್ತೇನೆ. ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು. ರೂಮಿನಲ್ಲಿ ಇರುವವರಿಗೆ ಅರ್ಧ ಕಿಲೋ ಪುಡಿ ತಿಂಗಳುಗಟ್ಟಲೆ ಬರುತ್ತದೆ.

ಯಾವ ಊರಿಗೆ ಹೋದರೂ ಹೊಸ ಖಾರದಪುಡಿ ತಂದ ದಿನ ಅರ್ಧ ಚಮಚದಿಂದ ಶುರು ಮಾಡು ದೋಸ್ತ.

ಸಪ್ತಾಪುರ, ಮೂರು ಜನಕ್ಕೆ ಒಂದು ಕುಕ್ಕರ್

ನಾವು ಧಾರವಾಡದಲ್ಲಿ ಪರೀಕ್ಷೆಗೆ ಓದುವವರು. ಮೂರು ಜನ, ಒಂದು ರೂಮು, 3 ಲೀಟರಿನ ಒಂದು ಕುಕ್ಕರ್. ಪಾಳಿ ಮೇಲೆ ಅಡುಗೆ. ನನಗೆ ಹುಚ್ಚು ಹಿಡಿದಿದ್ದೂ ಹಾಗೇ. ನನ್ನ ಪಾಳಿ ಇಲ್ಲದ ದಿನವೂ ನಾನೇ ಮಾಡತೊಡಗಿದೆ. ಓದೋದು ತಪ್ಪಿಸೋಕೆ ಅಂತ ಅವರಿಬ್ಬರೂ ಅಂತಾರೆ. ಸ್ವಲ್ಪ ನಿಜ.

ಬೇಳೆ ಒಂದು ದಿನ ಬೆಣ್ಣೆ ಹಾಗೆ ಬೇಯುತ್ತಿತ್ತು, ಇನ್ನೊಂದು ದಿನ ಆರು ಸೀಟಿ ಹೊಡೆದರೂ ಕಲ್ಲು. ತಿಂಗಳುಗಟ್ಟಲೆ ಕಿರಾಣಿ ಅಂಗಡಿಯವರನ್ನು ಬೈದೆವು. ಕೊನೆಗೆ ಕೆಳಗಿನ ಮನೆಯ ಆಯಿ ಹೇಳಿದರು, "ಬೋರಿನ ಸವಳ ನೀರಾಗ ಬ್ಯಾಳಿ ಬೇಯೂದಿಲ್ಲಪಾ." ನಲ್ಲಿ ನೀರು ಬಂದ ದಿನ ಅದರಲ್ಲಿ ಬೇಯಿಸುತ್ತಿದ್ದೆವು, ಖಾಲಿಯಾದ ಮೇಲೆ ಬೋರಿನ ನೀರು. ನಲ್ಲಿಯಲ್ಲಿ ಬರೋದು ಮಲಪ್ರಭೆ ನೀರು, ಅದರಲ್ಲಿ ಬೇಯುತ್ತದೆ. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಬೇಳೆಯ ಒಡಲು ಬಿಗಿಯಾಗುತ್ತದಂತೆ. ಈಗ ಬೇಳೆಗೆ ಮಾತ್ರ ಕುಡಿಯೋ ನೀರು, ಅರ್ಧ ತಾಸು ನೆನೆಸಿ.

ಟೊಮೆಟೊ, ಹುಣಸೆಹುಳಿ ಬೇಳೆ ಜೊತೆ ಕುಕ್ಕರಿಗೆ ಹಾಕಬೇಡಿ. ಹುಳಿ ಸೇರಿದರೂ ಬೇಳೆ ಗಟ್ಟಿ ಉಳಿಯುತ್ತದೆ. ಬೆಂದ ಮೇಲೆ ಹಾಕಿ. ನಿಮ್ಮ ಸಾರು "ಇವತ್ತು ಸರಿ, ನಾಳೆ ಕೆಡುತ್ತದೆ" ಅನ್ನೋದಕ್ಕೆ ಇವೆರಡರಲ್ಲಿ ಒಂದು ಕಾರಣ ಇರಬಹುದು ನೋಡಿ.

ಮತ್ತೆ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಬೇಳೆ ಇದ್ದಾಗಂತೂ ಬೇಡವೇ ಬೇಡ. ನೊರೆ ಉಕ್ಕಿ ಸೀಟಿಯ ತೂತಿಗೆ ಕೂರುತ್ತದೆ. ನಮ್ಮ ಹಿಂದಿನ ರೂಮಿನ ಗೋಡೆಯ ಮೇಲೆ ತೊಗರಿಬೇಳೆಯ ಒಂದು ಚಿತ್ರ ಇತ್ತು. ಮನೆ ಬಿಡುವಾಗ ಸುಣ್ಣ ಹಚ್ಚಿಸಿ ಕೊಟ್ಟೆವು. ಬೇಯಿಸುವಾಗ ಒಂದು ಹನಿ ಎಣ್ಣೆ ಬಿಟ್ಟರೆ ನೊರೆ ಕಡಿಮೆ.

ನವಲಗುಂದದ ಸೊಸೆ, ಈಗ ಧಾರವಾಡ

ರೊಟ್ಟಿಯ ಮಾತು ಯಾರೂ ಎತ್ತಲಿಲ್ಲ. ಹೆದರಿದಿರಾ?

ನನ್ನ ತವರು ಮಲೆನಾಡಿನ ಕಡೆ. ಅಲ್ಲಿ ರೊಟ್ಟಿ ಅಂದರೆ ಅಕ್ಕಿ ರೊಟ್ಟಿ. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ಪರಾತ ಮುಂದಿಟ್ಟರು. ನಾನು ಬಡಿದದ್ದನ್ನು ನೋಡಿ ಮಾವನವರು ಏನೂ ಅನ್ನಲಿಲ್ಲ, ಸಾರಿನಲ್ಲಿ ಮುರಿದು ಹಾಕಿಕೊಂಡು ತಿಂದು ಎದ್ದರು. ಅತ್ತೆ ಮಾತ್ರ ಅಂದರು, "ಮುರಕೊಂಡ ತಿನ್ನೂದ ಅಲ್ಲೇನವಾ, ನೀ ಮೊದ್ಲ ಮುರದಿ ಅಷ್ಟ."

ಮೂರು ವರ್ಷದಲ್ಲಿ ನನಗೆ ತಿಳಿದದ್ದು ಹೇಳುತ್ತೇನೆ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೆ ಚಪಾತಿ ಹಾಗೆ ತಣ್ಣೀರಿನಲ್ಲಿ ಕಲಸಿದರೆ ಒಡೆಯುತ್ತದೆ. ಕುದಿಯೋ ಎಸರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. "ಬಿಸಿ ನೀರು" ಸಾಲದು, ಗುಳ್ಳೆ ಏಳುತ್ತಿರಬೇಕು. ಹಿಟ್ಟನ್ನು ಜರಡಿ ಹಿಡಿದು ಪರಾತದಲ್ಲಿ ಹಾಕಿ ನಡುವೆ ಗುಂಡಿ ಮಾಡಿ, ಎಸರು ಸುರಿದು ಚಮಚದಿಂದ ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿ. ಎಲ್ಲವನ್ನೂ ಒಮ್ಮೆಗೆ ನಾದಿ ಇಡಬೇಡಿ. ಒಂದು ರೊಟ್ಟಿಗೆ ಬೇಕಾದಷ್ಟು ತೆಗೆದು, ನೀರು ಮುಟ್ಟಿಸಿ, ಮತ್ತೆ ನಾದಿ, ಬಡಿಯಿರಿ. ಉಂಡೆ ಮಾಡಿ ಒತ್ತಿದಾಗ ಅಂಚಿನಲ್ಲಿ ಬಿರುಕು ಬಿಟ್ಟರೆ ಇನ್ನೂ ನಾದಬೇಕು ಅಂತ ಅರ್ಥ.

ಎಷ್ಟು ನಾದಿದರೂ ಬಿರುಕು ಹೋಗಲಿಲ್ಲ ಅಂದರೆ ಹಿಟ್ಟು ಹಳೆಯದು. ನಿಮ್ಮದು ಜಿಲ್ಲೆ ಜಿಲ್ಲೆ ಆಗುವುದಕ್ಕೆ ಇದೇ ಕಾರಣ ಇರಬೇಕು ಅಂತ ನನ್ನ ಅನುಮಾನ. ಪ್ಯಾಕೆಟ್ ಹಿಟ್ಟು ಯಾವಾಗ ಬೀಸಿದ್ದೋ ಏನೋ. ಬಿಳಿಜೋಳ ತಂದು ಗಿರಣಿಯಲ್ಲಿ ಬೀಸಿಸಿ, ಎರಡು ಮೂರು ವಾರದಲ್ಲಿ ಮುಗಿಸಿ. ಒಬ್ಬರಿಗೆ ಎರಡು ಕಿಲೋ ಬೀಸಿಕೊಡಿ ಅಂದರೆ ಗಿರಣಿಯವರು ಮುಖ ಗಂಟು ಹಾಕುತ್ತಾರೆ. ಪಕ್ಕದ ರೂಮಿನವರನ್ನೂ ಸೇರಿಸಿಕೊಳ್ಳಿ.

ಬಡಿಯೋಕೆ ಬರದಿದ್ದರೆ ಲಟ್ಟಿಸಿ, ಯಾರೂ ಪೊಲೀಸರಿಗೆ ಹೇಳುವುದಿಲ್ಲ. ಮೊದಮೊದಲು ಅಂಗೈಯಗಲ ಸಾಕು. ಹಂಚು ಚೆನ್ನಾಗಿ ಕಾದಿರಲಿ. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವ ಹಾಗೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಆರುತ್ತ ಬಂದಾಗ ತಿರುವಿ. ತಡ ಮಾಡಿದರೆ ಮೇಲೆ ಸೀಳುತ್ತದೆ, ಅವಸರ ಮಾಡಿದರೆ ಹಂಚಿಗೆ ಹತ್ತುತ್ತದೆ. ಇಂಡಕ್ಷನ್ ಮೇಲೆ ನನಗೆ ಒಮ್ಮೆಯೂ ಸರಿ ಬಂದಿಲ್ಲ. ನಡುವೆ ಸುಡುತ್ತದೆ, ಅಂಚು ಹಸಿ. 5 ಕಿಲೋದ ಸಣ್ಣ ಸಿಲಿಂಡರ್ ಇಡೋಕೆ ಮನೆ ಮಾಲೀಕರು ಒಪ್ಪುತ್ತಾರಾ ಕೇಳಿ ನೋಡಿ.

ಗೋಕುಲ ರೋಡ್

ನಾನು ಇದಕ್ಕೆ ಒಪ್ಪುವುದಿಲ್ಲ. ಕೆಲಸ ಮುಗಿಸಿ ಎಂಟಕ್ಕೆ ರೂಮಿಗೆ ಬರುವವನಿಗೆ ರೊಟ್ಟಿ ಕಲಿಸೋದು ಅಂದರೆ ಈಜು ಬರದವನನ್ನು ಉಣಕಲ್ ಕೆರೆಗೆ ತಳ್ಳಿದ ಹಾಗೆ. ಈ ಊರಿನಲ್ಲಿ ಗಲ್ಲಿಗೊಬ್ಬರು ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಅಕ್ಕಂದಿರಿದ್ದಾರೆ. ಒಣಗಿಸಿದ ಕಟಕ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಇರುತ್ತದೆ. ರೊಟ್ಟಿ ಕೊಳ್ಳಿ, ಪಲ್ಯ ಕಲಿಯಿರಿ.

ನಾನು ಕಲಿತ ಮೊದಲ ಪಲ್ಯ ಎಣಗಾಯಿ. ಕಷ್ಟ ಅಂತಾರೆ, ಏನಿಲ್ಲ. ಸಣ್ಣ ಮುಳ್ಳುಗಾಯಿ, ಅಂದರೆ ಬದನೆಕಾಯಿ, ಕಾಲು ಕಿಲೋ, ತೊಟ್ಟು ಹಾಗೇ ಇಟ್ಟು ನಾಲ್ಕು ಸೀಳು, ಉಪ್ಪು ನೀರಿನಲ್ಲಿ ಹಾಕಿಡಿ, ಕಪ್ಪಾಗುವುದಿಲ್ಲ. ಹುರಿದ ಶೇಂಗಾ ಪುಡಿ ಅರ್ಧ ಬಟ್ಟಲು, ಗುರೆಳ್ಳು ಪುಡಿ ಎರಡು ಚಮಚ, ಒಣಕೊಬ್ಬರಿ, ಬಳ್ಳೊಳ್ಳಿ, ಖಾರ, ಹುಣಸೆಹುಳಿ, ಚೂರು ಬೆಲ್ಲ, ಉಪ್ಪು. ಕಲಸಿ ತುಂಬಿ. ಎಣ್ಣೆ ಮಾತ್ರ ಕೈ ಬಿಟ್ಟು ಹಾಕಿ, ಹೆಸರೇ ಎಣ್ಣೆಗಾಯಿ ಅಲ್ವಾ. ಸಣ್ಣ ಉರಿ, ಮುಚ್ಚಳ, ನಡುನಡುವೆ ತಿರುವಿ. ಮೇಲೆ ಎಣ್ಣೆ ತೇಲಿ ಬಂದರೆ ಆಯಿತು.

ಗುರೆಳ್ಳು ಬಿಡಬೇಡಿ. ಅದು ಬಿಟ್ಟರೆ ಯಾವುದೋ ಹೋಟೆಲಿನ ಬದನೆಕಾಯಿ ಮಸಾಲೆ ಆಗುತ್ತದೆ.

ನವಲಗುಂದದ ಸೊಸೆ, ಈಗ ಧಾರವಾಡ

ಎಣಗಾಯಿ ಸರಿ. ಆದರೆ ಶೇಂಗಾ ಪುಡಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಅಂತ ಹೇಳೋದು ಮರೆತಿರಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮತ್ತೆ ಕಟಕ ರೊಟ್ಟಿ ಬಿಸಿ ರೊಟ್ಟಿಗೆ ಸಮ ಅಲ್ಲ. ಈ ವಾದ ಇಲ್ಲಿಗೆ ಬಿಡೋಣ.

ಗದಗ ಬೆಟಗೇರಿ

ಇನ್ನು ಸ್ವಲ್ಪ ದಿನದಲ್ಲಿ ನಿಮಗೆ ಒಬ್ಬರಲ್ಲ ಒಬ್ಬರು ಹೇಳುತ್ತಾರೆ: "ಇಷ್ಟು ಚೊಲೋ ಮಾಡ್ತಿ, ಡಬ್ಬಿ ಯಾಕ ಶುರು ಮಾಡಬಾರದು?" ನನಗೂ ಹೇಳಿದರು. 27ನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಮಾಡಿಯೂ ನೋಡಿದೆ. ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ದೊಡ್ಡ ಬೋಗಾಣಿ ಕೊಂಡು, 18 ಡಬ್ಬಿಯಿಂದ ಶುರು.

ಅಡುಗೆ ಚೆನ್ನಾಗಿಯೇ ಇತ್ತು. ಆದರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು 18 ಜನಕ್ಕೆ ಉಳ್ಳಾಗಡ್ಡಿ ಹೆಚ್ಚುವಾಗ, ಬದನೆಕಾಯಿ ಆರಿಸುತ್ತ ಅರ್ಧ ತಾಸು ನಿಲ್ಲುವ ಸುಖ ಇರುವುದಿಲ್ಲ. ಒಬ್ಬರಿಗೆ ಖಾರ ಬೇಡ, ಒಬ್ಬರಿಗೆ ಬಳ್ಳೊಳ್ಳಿ ಬೇಡ, ಒಬ್ಬರು ತಿಂಗಳ ಕೊನೆಗೆ ಫೋನ್ ಎತ್ತುವುದಿಲ್ಲ. ಏಳು ತಿಂಗಳಿಗೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ನಾಲ್ಕು ತಿಂಗಳು ಒಲೆ ಹತ್ತಿರ ಹೋಗೋಕೇ ಮನಸ್ಸಾಗಲಿಲ್ಲ. ಮನೆಯವರು ಹೊರಗಿನಿಂದ ಇಡ್ಲಿ ತಂದು ಕೊಡುತ್ತಿದ್ದರು.

ಮರಳಿ ಒಲೆ ಮುಂದೆ ನಿಂತದ್ದು ಸಣ್ಣದೊಂದು ಕಾರಣಕ್ಕೆ. ಶ್ರಾವಣದಲ್ಲಿ ಕಾಕಾನ ಮಗಳು ಬಂದು "ಆ ಹೆಸರುಕಾಳು ಪಲ್ಯ ಮಾಡಿಕೊಡು" ಅಂತ ಹಟ ಹಿಡಿದಳು. ಮಾಡಿದೆ. ಅವಳು ಊಟ ಮುಗಿಸಿ ಬಟ್ಟಲನ್ನು ಬೆರಳಿನಿಂದ ಒರೆಸಿದಳು. ವ್ಯಾಪಾರ ಮಾಡಬೇಡಿ ಅಂತ ಹೇಳುತ್ತಿಲ್ಲ. ಮಾಡಿ ಗೆದ್ದವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರಿಗೆ ಲೆಕ್ಕ ಬರುತ್ತದೆ, ವಸೂಲಿ ಬರುತ್ತದೆ. ನನಗೆ ಪಲ್ಯ ಮಾತ್ರ ಬರುತ್ತಿತ್ತು. ನೀವು ಒಲೆ ಹಚ್ಚಿ ಇನ್ನೂ ನಾಲ್ಕೇ ತಿಂಗಳು, ಯಾರ ಮಾತಿಗೂ ಮರುಳಾಗಬೇಡಿ.

ಹಾವೇರಿ ಕಾಕಾ

ನಿಮ್ಮ ತಾಯಿ ಡಬ್ಬಿ ಹಚ್ಚಿಸಿಕೋ ಅಂದದ್ದಕ್ಕೆ ಬೇಜಾರು ಬೇಡ. ನನ್ನ ತಾಯಿ ಒಲೆ ಮುಂದೆ ಕೂತ ನನ್ನನ್ನು ಸೌಟು ತೋರಿಸಿ ಎಬ್ಬಿಸುತ್ತಿದ್ದರು. ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು ಗಂಡಸರು, ಅಲ್ಲಿ ಯಾರೂ ನಗುವುದಿಲ್ಲ. ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿದರೆ ನಗು. ಇದರ ಲೆಕ್ಕ ನನಗೆ 58 ವರ್ಷಕ್ಕೂ ಹತ್ತಿಲ್ಲ.

ವಾದ ಮಾಡಬೇಡಿ. ಊರಿಗೆ ಹೋದಾಗ ಒಂದು ಹೊತ್ತು ನೀವು ಅಡುಗೆ ಮಾಡಿ ಅವರಿಗೆ ಬಡಿಸಿ. ಅವರು ಉಪ್ಪು ಕಡಿಮೆ ಅಂತಾರೆ. ಅನ್ನಲಿ.

ಒಂದು ಎಚ್ಚರಿಕೆ. ಒಬ್ಬರೇ ಇರುವವರು ಅನ್ನ ಜಾಸ್ತಿ ಮಾಡಿ ರಾತ್ರಿಯೆಲ್ಲ ಹೊರಗೆ ಬಿಟ್ಟು ಬೆಳಿಗ್ಗೆ ಒಗ್ಗರಣೆ ಕೊಡುತ್ತಾರೆ. ನಮ್ಮ ಬೇಸಿಗೆಯಲ್ಲಿ ಅದು ಬೇಡ. ಕೆಟ್ಟ ಅನ್ನದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಅಕ್ಕಿ ಹಾಕಿ.

ವಿದ್ಯಾನಗರ ರೂಮಿನವ

ಎಲ್ಲರಿಗೂ ಶರಣು. ಎರಡು ವಾರ ಬಿಟ್ಟು ಬಂದಿದ್ದೇನೆ, ವರದಿ ಕೊಡುತ್ತೇನೆ.

ಕೇಶ್ವಾಪುರದ ಅಕ್ಕನ ಮಾತು ಕೇಳಿ ಝುಣಕ ಎಂಟು ದಿನ ಮಾಡಿದೆ. ಒಂಬತ್ತನೇ ದಿನ ಪಕ್ಕದ ರೂಮಿನವರು "ಇವತ್ತೂ ಝುಣಕಾನಾ?" ಅಂದರು, ಬಿಟ್ಟೆ. ಆದರೆ ಸಾಸಿವೆ ಹಾಕೋ ಮೊದಲು ಎಣ್ಣೆ ಕಾದದ್ದು ಈಗ ನೋಡಿಯೇ ಗೊತ್ತಾಗುತ್ತಿದೆ. ಬೇಳೆಯದು ನೀರಿನ ತಪ್ಪೇ. ನಮ್ಮಲ್ಲಿಯೂ ಬೋರು.

ರೊಟ್ಟಿ ಮತ್ತು ಎಣಗಾಯಿ ಎರಡೂ ಪಕ್ಷಕ್ಕೆ ಮತ ಹಾಕಿದೆ. ವಾರದ ದಿನ ಕಟಕ ರೊಟ್ಟಿ ಕೊಂಡು ತರುತ್ತೇನೆ. ಭಾನುವಾರ ಕೆಳಗಿನ ಮನೆಯವರ ಗ್ಯಾಸ್ ಒಲೆ ಮೇಲೆ, ಹೊಸ ಹಿಟ್ಟಿನಲ್ಲಿ, ನಾನೇ ಬಡಿದೆ. ಮೊದಲನೆಯದು ಮೂರು ತುಂಡು. ಎರಡನೆಯದು ಎರಡು. ನಾಲ್ಕನೆಯದು ಒಂದೇ ತುಂಡಾಗಿ ಬಂತು, ಒಂದು ಕಡೆ ಉಬ್ಬಿತು ಕೂಡ. ವಿಡಿಯೊ ಕಾಲ್ ಮಾಡಿ ಅವ್ವನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು. "ಒಲಿ ಸಣ್ಣ ಮಾಡು, ಅಂಚು ಸುಡಾಕತ್ತೈತಿ" ಅಂದಳು. ಡಬ್ಬಿಯ ಮಾತು ಎತ್ತಲಿಲ್ಲ.

ಇನ್ನೊಂದು ಕೇಳಬೇಕಿತ್ತು. ನಿನ್ನೆ ಪುಂಡಿಪಲ್ಯದ ಎರಡು ಕಟ್ಟು ತಂದಿದ್ದೇನೆ. ಅದಕ್ಕೆ ಜೋಳದ ನುಚ್ಚು ಯಾವಾಗ ಹಾಕಬೇಕು?

ಸಪ್ತಾಪುರ, ಮೂರು ಜನಕ್ಕೆ ಒಂದು ಕುಕ್ಕರ್

ನುಚ್ಚು, ಬೇಳೆ ಮೊದಲು ಬೇರೆಯಾಗಿ ಬೇಯಲಿ. ಪುಂಡಿ ಹುಳಿ ಅಲ್ವಾ, ಒಟ್ಟಿಗೆ ಹಾಕಿದರೆ ಕಾಳು ಗಟ್ಟಿ ಉಳಿಯುತ್ತದೆ. ಸೊಪ್ಪು ಬೇರೆ ಬೇಯಿಸಿ, ಹುಳಿ ಜಾಸ್ತಿ ಅನಿಸಿದರೆ ಆ ನೀರು ಬಸಿದು, ಆಮೇಲೆ ಕೂಡಿಸಿ. ಬಳ್ಳೊಳ್ಳಿ ಒಗ್ಗರಣೆ ಕೊನೆಗೆ. ಭಾನುವಾರ ಚಿಗರಿ ಬಸ್ ಹತ್ತಿ ನಾವು ಮೂವರೂ ಬರುತ್ತೇವೆ, ರೊಟ್ಟಿ ಹನ್ನೆರಡು ಬೇಕಾಗುತ್ತದೆ.